ಬದುಕಿದ್ದಾಗ ಲಿಯಾವ್, ಸತ್ತ ಮೇಲೆ ಜಾಂಗ್

ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದ ಗಂಡನನ್ನು ಮಗ್ಗುಲು ಹೊರಳಿಸಿ ಹೊರಳಿಸಿ ಸ್ಯೂ-ಚಿನ್‌ಳ ಸೊಂಟ ಬಿದ್ದುಹೋಗಿತ್ತು. ಅವನು ತೀರಿಕೊಂಡು ಒಂಬತ್ತು ದಿನ. ಈಗ ಸಮಾಧಿಯ ಕಲ್ಲು ಕೆತ್ತುವವನ ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದು ಕೂತಿದ್ದಳು. ಪಕ್ಕದಲ್ಲಿ ಕುಲದ ಹಿರಿಯ, ಅವಳ ಚಿಕ್ಕಪ್ಪ ತೆಂಗ್-ಫಾ.

ಶಿಲೋ ಊರಿನ ಲಿಯಾವ್ ಮನೆತನದ ಕಟ್ಟಳೆ ಕಲ್ಲು ಕೆತ್ತುವವನಿಗೂ ಬಾಯಿಪಾಠ. ಅವರ ಮೂಲಪುರುಷ ಜಾಂಗ್ ಮನೆತನದಲ್ಲಿ ಹುಟ್ಟಿ ಲಿಯಾವ್‌ಗಳ ಮನೆ ಅಳಿಯನಾಗಿ ಬಂದವನು. ಮಾವನ ಋಣಕ್ಕೆ ಬದುಕಿರುವವರೆಗೆ ಲಿಯಾವ್, ಹುಟ್ಟಿದ ಕುಲಕ್ಕೆ ಸತ್ತ ಮೇಲೆ ಜಾಂಗ್. ಅಂದಿನಿಂದ ಅವನ ವಂಶದ ಹೆಸರು ಹೊತ್ತವರೆಲ್ಲ ಸಮಾಧಿಯ ಮೇಲೆ ಜಾಂಗ್‌ಗಳೇ.

ಸ್ಯೂ-ಚಿನ್‌ಳ ಗಂಡ ಮು-ಹೋ ಕೂಡ ಮನೆ ಅಳಿಯನೇ. ಹುಟ್ಟಿದ್ದು ತ್ಸಾಯ್ ಆಗಿ. ಗಂಡುಮಕ್ಕಳಿಲ್ಲದ ಅವಳಪ್ಪ ಅವನಿಗೆ ಲಿಯಾವ್ ಹೆಸರು ಹಚ್ಚಿದ. ನಲವತ್ತೊಂದು ವರ್ಷ ಅವನು ಮಾವನ ಸೋಯಾ ಸಾಸ್ ಅಂಗಡಿಯ ಜಾಡಿಗಳ ಮಧ್ಯೆ ತುಟಿಪಿಟಕ್ಕೆನ್ನದೆ ದುಡಿದ. ಸಾಯುವ ಮುಂಚೆ ಕೇಳಿದ್ದು ಒಂದೇ: "ಕಲ್ಲಿನ ಮೇಲಾದ್ರೂ ನಾನು ತ್ಸಾಯ್ ಆಗಿರ್ಲಿ ಕಣೆ."

"ಜಾಂಗ್ ಮು-ಹೋ ಅಂತ ಬರ್ಕೊ," ಎಂದ ಚಿಕ್ಕಪ್ಪ.

"ತ್ಸಾಯ್ ಅಂತ ಬರ್ಕೊಳಪ್ಪ," ಎಂದಳು ಸ್ಯೂ-ಚಿನ್.

"ತಲೆ ನೆಟ್ಟಗಿದೆಯಾ ನಿಂಗೆ? ತ್ಸಾಯ್ ಅಂತ ಬರೆಸಿದ್ರೆ ಅವನ ಹೆಸರಿನ ಹಲಗೆ ನಮ್ಮ ಹಿರೀಕರ ಪೀಠದ ಮೇಲೆ ಕೂರಲ್ಲ. ಧೂಪ ಹಾಕೋ ದಿನ ಹೊರಗೇ ಇರ್ತಾನೆ."

"ಮೂಲಪುರುಷನಿಗೆ ಹುಟ್ಟಿದ ಕುಲ ವಾಪಸ್ ಸಿಕ್ತು. ಇವರಿಗೆ ಯಾಕೆ ಸಿಗಬಾರದು ಚಿಕ್ಕಪ್ಪ?"

"ಅವನು ಮೂಲಪುರುಷ! ಇವನು ಜಾಡಿ ತೊಳೆದೋನು."

ಕೂಗಾಡಲು ಅವಳ ಮೈಯಲ್ಲಿ ಕಸುವಿರಲಿಲ್ಲ. ಇಂಥ ಮಾತನ್ನು ಗಂಡ ದಿನಾ ಕೇಳಿಸಿಕೊಂಡೇ ಊಟ ಮಾಡಿದ್ದ, ತಾನೂ ಸುಮ್ಮನೆ ಬಡಿಸಿದ್ದೆ ಎಂದು ನೆನೆದು ಅವಳಿಗೆ ನಾಚಿಕೆಯಾಯಿತು.

ಕೆತ್ತುವವನು ಮೆಲ್ಲಗೆ ಕೇಳಿದ: "ಅಮ್ಮ, ಗಂಡನ ಪಕ್ಕದಲ್ಲಿ ನಿಮ್ಮ ಹೆಸರೂ ಈಗ್ಲೇ ಕೆತ್ತಲಾ? ಬದುಕಿರೋರ ಹೆಸರಿಗೆ ಕೆಂಪು ಬಣ್ಣ ತುಂಬಿಸಿರ್ತೀವಿ."

"ಅವಳಿಗೆ ಬೇರೆ ಕಲ್ಲು," ಎಂದ ಚಿಕ್ಕಪ್ಪ. "ಅವಳು ನಮ್ಮನೆ ಮಗಳು. ಜಾಂಗ್ ಆಗಿ ಅಪ್ಪನ ಸಮಾಧಿ ಪಕ್ಕ ಇರ್ತಾಳೆ."

"ಇದೇ ಕಲ್ಲು," ಎಂದಳು ಅವಳು. "ತ್ಸಾಯ್ ಮು-ಹೋ, ಅವರ ಹೆಂಡತಿ ಸ್ಯೂ-ಚಿನ್. ಕೆಂಪಲ್ಲಿ."

"ಅಪ್ಪನ ಪಕ್ಕದ ಜಾಗ ಬಿಡ್ತೀಯೇನೆ?"

"ಇವರೂ ತಮ್ಮಪ್ಪನ ಪಕ್ಕದ ಜಾಗ ಬಿಟ್ಟೇ ನಮ್ಮನೆಗೆ ಬಂದಿದ್ದು. ಈಗ ನನ್ನ ಸರದಿ," ಎಂದು ಕೆತ್ತುವವನತ್ತ ತಿರುಗಿದಳು. "ಬೇಗ ಬರ್ಕೊಳಪ್ಪ. ಮನೆಗೆ ಹೋಗಿ ಮಲಗ್ಬೇಕು."