ನಡುವಿನ ಡಬ್ಬ

ಸಖರಾಯಪಟ್ಟಣದ ಕನಕರಾಜುವಿನ ಕಿವಿಗೆ ಸುತ್ತಲ ಹತ್ತು ಹಳ್ಳಿಯಲ್ಲಿ ಹೆಸರಿತ್ತು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದರೆ ಸಾಕು, ಒಳಗೆ ನೀರೆಷ್ಟಿದೆ, ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದ. ಮೂವತ್ತು ವರ್ಷದ ಕಾಯಿ ವ್ಯಾಪಾರ ಕಲಿಸಿದ ವಿದ್ಯೆ ಅದು. ಅಂಥವನಿಗೆ ಸ್ಪೀಕರ್ ಆರಿಸಲು ಇನ್ನೊಬ್ಬರನ್ನು ಕೇಳುವ ದರ್ದು ಏನಿದೆ?

ಮನೆಯಲ್ಲಿದ್ದ ಹೋಮ್ ಥಿಯೇಟರ್ ಹಳೆಯದು. ಟಿ.ವಿ.ಯ ಕೆಳಗಿದ್ದ ನಡುವಿನ ಸ್ಪೀಕರ್ ಡಬ್ಬವನ್ನು ಆರು ವರ್ಷದ ಹಿಂದೆ ಅವನೇ ಕಿತ್ತು ಕೊಬ್ಬರಿ ಶೆಡ್ಡಿಗೆ ಸಾಗಿಸಿದ್ದ, ಅಲ್ಲಿ ರೇಡಿಯೋ ಕೇಳೋಕೆ. "ಅದು ಬರೀ ಮಾತಾಡೋ ಡಬ್ಬ ಕಣೇ, ಅದ್ರಲ್ಲಿ ದಮ್ಮೇ ಇಲ್ಲ" ಎಂದು ಹೆಂಡತಿಗೆ ಹೇಳಿದ್ದ. ಶೆಡ್ಡಿನ ಧೂಳು ತಿಂದು ಅದು ಎರಡೇ ವರ್ಷದಲ್ಲಿ ಕೆಟ್ಟಿತು. ಅದಿಲ್ಲದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಮದುವೆಯಾದ ಲಾಗಾಯ್ತಿನಿಂದ ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಕೂತು ಒಂದು ಸಿನಿಮಾ ನೋಡುವುದು ಆ ಮನೆಯ ಪದ್ಧತಿ. ಐದಾರು ವರ್ಷದಿಂದ ಕರಿಬಸಮ್ಮ ತನ್ನ ಕುರ್ಚಿಯನ್ನು ಓರೆಯಾಗಿ ಗಂಡನ ಕಡೆ ತಿರುಗಿಸಿಕೊಂಡೇ ಕೂರುತ್ತಿದ್ದಳು. ಅದನ್ನು ಕಂಡು ಕನಕರಾಜುವಿಗೆ ಒಳಗೊಳಗೇ ಹೆಮ್ಮೆ. ಆದರೆ ಈಚೆಗೆ ಕೆಲವು ತಿಂಗಳಿಂದ ಅವಳು ಅರ್ಧಕ್ಕೇ ಎದ್ದು, "ಕೆಲ್ಸ ಐತೆ" ಅಂತ ಒಳಗೆ ಹೋಗಿಬಿಡುತ್ತಿದ್ದಳು. ಒಬ್ಬನೇ ಕೂತು ನೋಡುವ ಸಿನಿಮಾ ಉಪ್ಪಿಲ್ಲದ ಸಾರು. ಅವನಿಗೆ ನಿಜಕ್ಕೂ ನೋವಾಗಿತ್ತು.

ಅಷ್ಟರಲ್ಲಿ ತರೀಕೆರೆಯ ಗೆಳೆಯ ಭೈರೇಶ್ ತನ್ನ ಮನೆಗೊಂದು ದೊಡ್ಡ ಸಬ್‌ವೂಫರ್ ಹಾಕಿಸಿದ. ಅದು ಗುಡುಗಿದರೆ ಶೋಕೇಸಿನ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಇಂಥದ್ದೊಂದು ಮನೆಗೆ ಬಂದರೆ ಕರಿಬಸಿ ಹೇಗೆ ಎದ್ದು ಹೋಗುತ್ತಾಳೋ ನೋಡೋಣ ಅಂದುಕೊಂಡ ಕನಕರಾಜು. ಬಜೆಟ್ಟು ಹದಿನೈದು ಸಾವಿರ, ಅದರ ಮೇಲೆ ಒಂದು ರೂಪಾಯಿ ಇಲ್ಲ ಎಂದು ಹೆಂಡತಿ ಗೆರೆ ಎಳೆದಳು. ಮಂಗಳವಾರ ಇಬ್ಬರೂ ಕಡೂರಿನ ಬಸ್ಸು ಹತ್ತಿದರು.

ಅಲ್ಲಿನ ಸ್ಪೀಕರ್ ಅಂಗಡಿ ನಡೆಸುತ್ತಿದ್ದವಳು ಅನುಪಮಾ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಹೆಣ್ಣುಮಗಳು. ಕನಕರಾಜು ಅವಳನ್ನು ಒಂದು ಮಾತೂ ಕೇಳದೆ ಸಾಲಾಗಿಟ್ಟ ಸ್ಪೀಕರ್‌ಗಳನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟುತ್ತ, ಒಂದೊಂದನ್ನೇ ಎತ್ತಿ ತೂಗುತ್ತ ಹೋದ. ಮೂಲೆಯಲ್ಲಿದ್ದ ಹಳೆಯದೊಂದನ್ನು ಎತ್ತಿದವನ ಮುಖ ಅರಳಿತು.

"ಇದು ಕಣಮ್ಮಾ ಮಾಲು! ತೂಕ ನೋಡು. ತೂಕ ಇದ್ರೆ ಒಳಗೆ ತಿರುಳಿದೆ ಅಂತ್ಲೇ."

ಅನುಪಮಾ ನಗಲಿಲ್ಲ. ಸ್ಕ್ರೂಡ್ರೈವರ್ ತಂದು ಅದರ ಬೆನ್ನು ಬಿಚ್ಚಿ ತೋರಿಸಿದಳು. ಒಳಗೆ ಸದ್ದು ಮಾಡುವ ಅಂಗೈಯಗಲದ ಕೋನ್ ಒಂದು, ಅದರ ಪಕ್ಕ ತಳಕ್ಕೆ ಬಿಗಿದಿದ್ದ ಸಿಮೆಂಟಿನ ಚಪ್ಪಡಿ ಒಂದು.

"ಯಾರೋ ಸಂತೇಲಿ ತಗೊಂಡು ಮೋಸ ಹೋಗಿ, ಇಲ್ಲಿ ಬಿಟ್ಟೋಗಿದಾರೆ ಸಾರ್. ನಿಮ್ಮಂಗೆ ತೂಕ ನೋಡೋರಿಗೇ ಅಂತ ಮಾಡಿರೋದು."

ಮೇಲೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ, ಇಲ್ಲಿ ಹುಳುಕೂ ಇರಲಿಲ್ಲ, ಬರೀ ಸಿಮೆಂಟು. ಹತ್ತು ಹಳ್ಳಿಯ ಕಿವಿ ಸುಟ್ಟ ಬದನೆಕಾಯಿಯಂತೆ ಮುಖ ಮಾಡಿಕೊಂಡು ಸ್ಟೂಲಿನ ಮೇಲೆ ಕೂತಿತು. "ಹೋಗ್ಲಿ, ಆ ದೊಡ್ಡದನ್ನೇ ಹಾಕು" ಎಂದು ಸಬ್‌ವೂಫರ್ ತೋರಿಸಿದ.

ಅನುಪಮಾ ಯಾವುದೋ ಹಾಸ್ಯದ ತುಣುಕು ಹಾಕಿದಳು. ಎಮ್ಮೆ ಕಳೆದುಹೋಯಿತೆಂದು ಒಬ್ಬ ಪೊಲೀಸ್ ಸ್ಟೇಷನ್ನಿಗೆ ಬಂದಿದ್ದಾನೆ. ಹಿಂದಿನ ವಾದ್ಯಕ್ಕೆ ಅಂಗಡಿಯ ನೆಲ ಅದುರಿತು. ಕನಕರಾಜು ಗಹಗಹಿಸಿ ನಕ್ಕ. ಒಂದು ಚಣ ಬಿಟ್ಟು ಕರಿಬಸಮ್ಮನೂ ನಕ್ಕಳು.

ಅನುಪಮಾ ತುಣುಕನ್ನು ನಿಲ್ಲಿಸಿದಳು. "ಅಮ್ಮಾ, ಅವ್ನು ಏನಂದ?"

ಕರಿಬಸಮ್ಮ ಸೆರಗಿನ ಚುಂಗು ಹಿಡಿದುಕೊಂಡಳು. "ಏನೋ ಅಂದ ಕಣವ್ವಾ. ಇವ್ರು ನಕ್ಕರಲ್ಲ."

ಅನುಪಮಾ ಮಾತಿಗೆಂದೇ ಮಾಡಿದ ಉದ್ದನೆಯದೊಂದು ಸಣ್ಣ ಡಬ್ಬವನ್ನು ಟಿ.ವಿ.ಯ ಕೆಳಗಿಟ್ಟು, ವೈರು ಸಿಕ್ಕಿಸಿ, ದೊಡ್ಡದರ ಬಾಯಿ ಮುಚ್ಚಿಸಿದಳು. ಅದೇ ತುಣುಕು ಮತ್ತೆ ಶುರುವಾಯಿತು. ಎಮ್ಮೆಯ ಬಣ್ಣ ಯಾವುದೆಂದು ಪೊಲೀಸ್ ಕೇಳಿದ. ಈ ಸಲ ಕನಕರಾಜು ನಗಲಿಲ್ಲ. ಕರಿಬಸಮ್ಮನೇ ಬಾಯಿಗೆ ಸೆರಗು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಕೇಳಿದ್ರಾ? ಬಣ್ಣ ಗೊತ್ತಿಲ್ಲ ಸಾಮಿ, ಕತ್ಲಲ್ಲಿ ಕದ್ದಿದ್ದು ಅಂತಾನೆ! ಕಳ್ ನನ್ಮಗ!"

ಮನೆಯ ಓರೆ ಕುರ್ಚಿ ಕನಕರಾಜುವಿನ ಕಣ್ಣ ಮುಂದೆ ಬಂತು. ಇಷ್ಟು ವರ್ಷ ಅವಳು ನೋಡುತ್ತಿದ್ದದ್ದು ಸಿನಿಮಾ ಅಲ್ಲ, ಅವನ ಮುಖವನ್ನು, ಅವನು ಯಾವಾಗ ನಗುತ್ತಾನೆ ಎಂದು. ನೋಡಿ ನೋಡಿ ಸಾಕಾಗಿಯೇ ಎದ್ದು ಹೋಗುತ್ತಿದ್ದಳು. ಮಾತಾಡುವ ಡಬ್ಬವನ್ನು ಕೈಯಾರೆ ಕಿತ್ತು ಕೊಬ್ಬರಿ ಶೆಡ್ಡಿಗೆ ಹಾಕಿದವನು ತಾನು. ಕಾಯಿಯೊಳಗಿನ ನೀರು ಕೇಳುವ ಕಿವಿಗೆ ಪಕ್ಕದಲ್ಲಿ ಕೂತವಳ ಕಷ್ಟ ಕೇಳಿಸಿರಲಿಲ್ಲ. ನಾಚಿಕೆಯಾಯಿತು ಅವನಿಗೆ.

"ಒಂದು ಮಾತು ಹೇಳ್ಬಾರ್ದೇನೇ?" ಎಂದ.

"ಎದೆ ನಡುಗ್ಸೋ ಸದ್ದೇ ನಿಮಗಿಷ್ಟ. ಹೇಳಿದ್ರೆ ಕೆಪ್ಪಿ ಅಂದಿದ್ರೆ?"

ಸಣ್ಣ ಡಬ್ಬದ ಬೆಲೆ ಒಂಬತ್ತು ಸಾವಿರ. ಮನೆಯಲ್ಲಿ ಏನೇನಿದೆ ಎಂದು ಅನುಪಮಾ ಕೇಳಿ ತಿಳಿದುಕೊಂಡಳು. "ಮಿಕ್ಕ ಸ್ಪೀಕರ್ ಹಂಗೇ ಇರ್ಲಿ ಸಾರ್, ನಿಮ್ಮ ಹಳೇವು ಇನ್ನೂ ಓಡ್ತವೆ. ಉಳಿದ ದುಡ್ಡಲ್ಲಿ ಅಮ್ಮನ ಕಿವಿ ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಎಂದಳು ಅನುಪಮಾ. ಕನಕರಾಜು ಚೌಕಾಸಿ ಮಾಡಲಿಲ್ಲ. ಡಬ್ಬವನ್ನು ತಟ್ಟಿಯೂ ನೋಡಲಿಲ್ಲ.

ಭಾನುವಾರ ಊಟವಾದ ಮೇಲೆ ಕರಿಬಸಮ್ಮ ಕುರ್ಚಿಯನ್ನು ಟಿ.ವಿ.ಗೆ ನೆಟ್ಟಗೆ ತಿರುಗಿಸಿ ಹಾಕಿಕೊಂಡಳು. ಸಿನಿಮಾ ಅರ್ಧವಾದರೂ ಏಳಲಿಲ್ಲ. ಎಲ್ಲಿ ನಗಬೇಕೋ ಅಲ್ಲಿ, ಯಾರನ್ನೂ ಕಾಯದೆ ನಕ್ಕಳು. ಕನಕರಾಜುವಿಗೆ ಕಥೆ ಒಂದಿಷ್ಟೂ ತಲೆಗೆ ಹತ್ತಲಿಲ್ಲ. ಅವಳು ನಕ್ಕಾಗ ತಾನೂ ನಕ್ಕ, ಒಂದು ಚಣ ತಡವಾಗಿ.

"ನನ್ ಮುಖದಲ್ಲೇನೈತೆ?" ಎಂದಳು ಕರಿಬಸಮ್ಮ ತಿರುಗದೆಯೇ. "ಟೀವಿ ನೋಡ್ರೀ."