ಸೋಮವಾರದ ದಾರ

ಮತ್ತೆ ತಪ್ಪಿತು, ಮಗಳ ಬೆರಳು ಮೂಗು ಬಿಟ್ಟು ಕೆನ್ನೆಗೆ ಹೋಗಿ ಕುಟ್ಟಿತು, ಈ ಡಾಕ್ಟರಿಗೆ ಎಷ್ಟು ಸಲ ನೋಡಿದರೆ ತೃಪ್ತಿ, ನನ್ನ ಬೆರಳು ಮುಟ್ಟು ಪುಟ್ಟಿ, ಈಗ ನಿನ್ನ ಮೂಗು ಮುಟ್ಟು, ಆರು ವರ್ಷದ ಮಗುವನ್ನು ಕೋತಿಯ ಹಾಗೆ ಕುಣಿಸುತ್ತಿದ್ದಾನೆ, ಅವನ ಉಗುರು ನೋಡು, ಒಂದು ದಿನವೂ ಸೂಜಿ ಚುಚ್ಚಿಸಿಕೊಳ್ಳದ ಉಗುರು — ಚಿಕನ್‌ಪಾಕ್ಸ್ ಹಕ್ಕಳೆಯೆಲ್ಲ ಉದುರಿತ್ತು, ತೊಲಗಿತು ಪೀಡೆ ಎಂದು ಮಗಳನ್ನು ಮತ್ತೆ ಹೊಲಿಗೆ ಮಿಷಿನ್ನಿನ ಪಕ್ಕ ಕೂರಿಸಿಕೊಂಡೆ, ನನ್ನ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸುವುದು ಅವಳ ಕೆಲಸ, ಒಂದೇ ಸಲಕ್ಕೆ ಪೋಣಿಸುತ್ತಿದ್ದವಳು, ಸೋಮವಾರ ದಾರ ಸೂಜಿಯ ಆಚೆ ಹೋಯಿತು, ಈಚೆ ಹೋಯಿತು, ಎದ್ದರೆ ಕುಡಿದವರ ಹಾಗೆ ತೂರಾಡಿದಳು, ಅತ್ತೆ ನಕ್ಕರು, ನನ್ನ ನಡಿಗೆ ಅಣಕಿಸ್ತಾಳೆ ನೋಡು ಕಳ್ಳಿ, ಸಂಜೆಯೊಳಗೆ ಹನ್ನೆರಡು ಸಮವಸ್ತ್ರ ಮುಗಿಯಬೇಕು, ಇವಳದು ಶಾಲೆ ತಪ್ಪಿಸುವ ನಾಟಕ, ಹೊಡೆದೆ, ಕಿವಿಯ ಹಿಂದೆ, ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಟ್ಟ ಲೋಹದ ಟೋಪಿಯ ಸಮೇತ, ಅಳಲಿಲ್ಲ ಅವಳು, ಇನ್ನೊಂದ್ಸಲ ಹಾಕ್ತೀನಮ್ಮ, ನಾಲಿಗೆ ತೊದಲುತ್ತಿತ್ತು, ಅದನ್ನೂ ನಾಟಕವೆಂದುಕೊಂಡೆ — ವೈರಸ್ ಹೋದ ಮೇಲೂ ಕೆಲವು ಮಕ್ಕಳಿಗೆ ಮೆದುಳಿನ ಹಿಂಭಾಗ ಊದಿಕೊಳ್ಳುತ್ತದಂತೆ, ಹೆಚ್ಚಿನವರು ಸರಿಹೋಗುತ್ತಾರಂತೆ, ಪೆಟ್ಟಿನಿಂದಲೂ ಹೀಗಾಗಬಹುದಂತೆ, ಯಾವುದೆಂದು ತಿಳಿಯದೆ ಇವನು ಏನೂ ಹೇಳಲಾರನಂತೆ, ಅಂತೆ, ಅಂತೆ, ಯಾವಾಗಿಂದ ಹೀಗೆ, ತಲೆಗೇನಾದ್ರೂ ಪೆಟ್ಟು ಬಿದ್ದಿತ್ತಾ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಇಲ್ಲ ಡಾಕ್ಟ್ರೇ, ಎಲ್ಲೂ ಬಿದ್ದಿಲ್ಲ, ನಿನ್ನೆಯಿಂದಷ್ಟೇ, ಹತ್ತು ವರ್ಷ ನನ್ನ ಹೊಲಿಗೆ ಹೊಲಿಗೆಯಲ್ಲೂ ತಪ್ಪು ಹುಡುಕಿದ ಬಾಯಿ ಇವತ್ತು ನನ್ನನ್ನು ಕಾಯುತ್ತಿದೆ, ಮೇಜಿನ ಕೆಳಗೆ ನನ್ನ ಕೈ ಅದುಮುತ್ತಿದ್ದಾರೆ, ಸುಮ್ನಿರೆ ಎನ್ನುವ ಅದುಮು, ಬೇಡ ನಿಮ್ಮ ದಯೆ, ಸಾಯುವವರೆಗೂ ನನ್ನ ಕತ್ತಿನ ಮೇಲೆ ಕೂತಿರುತ್ತದೆ ಅದು, ಕೈ ಕಿತ್ತುಕೊಂಡೆ — ನಿನ್ನೆಯಿಂದಲ್ಲ ಡಾಕ್ಟ್ರೇ, ಸೋಮವಾರದಿಂದ, ಮೊದಲು ತೂರಾಡಿದ್ಲು, ಆಮೇಲೆ ನಾನು ಹೊಡೆದೆ, ತಲೆಗೆ — ಬೈಯಲಿ ಇವನು, ಮುಖಕ್ಕೆ ಉಗಿಯಲಿ, ಅದೂ ಇಲ್ಲ, ಅವಳ ಕಿವಿಯ ಹಿಂದೆ ಸವರಿ ನೋಡಿ, ಸ್ಕ್ಯಾನ್ ಮಾಡಿಸೋಣ ಎಂದು ಬರೆದುಕೊಂಡ, ಹೇಳಿದ್ದು ಒಳ್ಳೇದಾಯ್ತು ಎಂದ, ಒಳ್ಳೇದಂತೆ, ಯಾರಿಗೆ, ಇನ್ನೊಂದೇ ಸಲ ಪುಟ್ಟಿ, ತನ್ನ ಬೆರಳು ಮತ್ತೆ ಎತ್ತಿದ, ಅವಳು ಡಾಕ್ಟರನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ, ತಪ್ಪುವ ಮೊದಲೇ ಎಡಗೈಯಿಂದ ಕಿವಿ ಮುಚ್ಚಿಕೊಂಡು, ಬಲಗೈ ಬೆರಳು ಹೊರಟಿತು, ನಡುಗುತ್ತ, ಮೂಗಿನ ಪಕ್ಕ, ಕಿವಿಯ ಮೇಲೆ ಆ ಪುಟ್ಟ ಅಂಗೈ, ಮೂಗಿನ ಪಕ್ಕ, ಆ ಅಂಗೈ —