ಕಪ್ಪಾಗಿರಲಿ ದೇವರೇ

ಶಾರದವ್ವನದು ಹಠವೆಂದರೆ ಹಠ. ಲಿಂಗವಿರುವ ಬೆಳ್ಳಿ ಕರಡಿಗೆಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಡು ಎಂದರೆ ಕೇಳುವವಳೇ ಅಲ್ಲ.

“ಜೀವ ಇರೋತನಕ ಇದು ಮೈಮ್ಯಾಲಿಂದ ಇಳಿಯಂಗಿಲ್ಲ. ಆಮ್ಯಾಲೆ ನನ್ನ ಜೋಡೀನ ಮಣ್ಣಿಗೆ ಬರತೈತಿ. ಬೇಕಾದ್ರ ಅಂಗೈಮ್ಯಾಲೆ ಹಿಡಕೋತೀನಿ, ತಗೀ ನಿನ್ನ ಫೋಟೋ.”

ಮಣ್ಣಿಗೆ ಹೋಗುತ್ತದೆಂದೇ ಮಗಳು ದಾಕ್ಷಾಯಿಣಿಗೆ ಅದರ ಹಾಲೋಗ್ರಾಮ್ ಬೇಕಾಗಿತ್ತು. ಶಿರಸಿಯ ಕಾಲೇಜಿನಲ್ಲಿ ಅವಳು ಭೌತಶಾಸ್ತ್ರದ ಮೇಡಂ. ಗಾಜಿಗೆ ಬಳಿದ ತೆಳು ಪದರಿನಲ್ಲಿ ಲೇಸರ್ ಬೆಳಕು ಕೂದಲಿಗಿಂತ ಸಣ್ಣ ಗೆರೆಗಳನ್ನು ಬರೆಯುತ್ತದೆ. ಆಮೇಲೆ ಗಾಜನ್ನು ದ್ರಾವಣದಲ್ಲಿ ತೊಳೆದು ಟಾರ್ಚ್ ಹಿಡಿದರೆ ವಸ್ತು ಗಾಜಿನ ಹಿಂದೆಯೇ ಇದ್ದಂತೆ ಕಾಣುತ್ತದೆ. ಆದರೆ ಎಳ್ಳಷ್ಟು ಅಲುಗಿದರೂ ಗೆರೆ ಕಲಸಿಹೋಗಿ ಬರೀ ಕಪ್ಪು. ನಾಡಿ ಮಿಡಿಯುವ ಕೈ ಎಂದೂ ಮೂಡುವುದಿಲ್ಲವೆಂದು ಮಕ್ಕಳಿಗೆ ಅವಳೇ ಪಾಠ ಮಾಡುತ್ತಿದ್ದಳು. ಆದರೂ ಅವ್ವನ ಜೊತೆ ವಾದ ಮಾಡಿ ಗೆದ್ದವರುಂಟೇ? ಬರದಿದ್ದರೆ ಬೇಡ, ಅವ್ವನ ಸಮಾಧಾನಕ್ಕಾದರೂ ಆಗಲಿ ಎಂದುಕೊಂಡಳು.

ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿದರು. ಅವ್ವ ಗೋಡೆಗೊರಗಿ ಕೂತು, ಕರಡಿಗೆ ಹಿಡಿದ ಅಂಗೈಯನ್ನು ಮೇಜಿನ ಮೇಲೆ ಚಾಚಿದಳು.

“ಅಲುಗಾಡಬ್ಯಾಡ ಬೇ ಯವ್ವಾ.”

“ಹೂಂ.”

ಮೇಜಿನ ಅದುರು ನಿಲ್ಲಲೆಂದು ಐದು ನಿಮಿಷ ಇಬ್ಬರೂ ಸುಮ್ಮನಿದ್ದರು. ಆಮೇಲೆ ಅರ್ಧ ನಿಮಿಷ ಲೇಸರ್.

“ಶಹಬ್ಬಾಸ್ ಯವ್ವಾ! ಒಂಚೂರೂ ಮಿಸುಕಲಿಲ್ಲ ನೋಡು!”

ಮೊದಲು ಗಾಜನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಆಮೇಲೆ ದೀಪ ಹಾಕಿದಳು. ಅವ್ವನ ಕಣ್ಣು ಅರೆ ತೆರೆದಿತ್ತು. ಎಷ್ಟು ಕರೆದರೂ ಮಾತಿಲ್ಲ.

ದಾರಿಯಲ್ಲೇ ಹೋಗಿರಬೇಕು ಎಂದರು ಆಸ್ಪತ್ರೆಯ ಡಾಕ್ಟರು. ಆ ಒಂದು ಮಾತನ್ನೇ ದಾಕ್ಷಾಯಿಣಿ ಗಟ್ಟಿಯಾಗಿ ಹಿಡಿದುಕೊಂಡಳು. ರಿಕ್ಷಾದಲ್ಲಿ ಅವ್ವನ ತಲೆ ತನ್ನ ತೊಡೆಯ ಮೇಲಿತ್ತು. ಕೊನೆಗಳಿಗೆಯಲ್ಲಿ ಅಷ್ಟಾದರೂ ಆಯಿತಲ್ಲ! ಕರಡಿಗೆ ಅವ್ವನ ಜೊತೆ ಅವಳೂರು ದಾಸನಕೊಪ್ಪದ ಮಣ್ಣಿಗೆ ಹೋಯಿತು.

ತಿಂಗಳು ಕಳೆದರೂ ಲ್ಯಾಬಿನ ಕಪಾಟಿನಲ್ಲಿದ್ದ ಡಬ್ಬಿ ಮುಟ್ಟುವ ಧೈರ್ಯ ಬರಲಿಲ್ಲ. ಪಾಠದ ನಡುವೆ ಕಣ್ಣು ಕಪಾಟಿನ ಕಡೆಗೇ ಹೋಗುತ್ತಿತ್ತು. ಕೊನೆಗೆ ಅಟೆಂಡರ್ ನಾಗಪತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗಾಜನ್ನು ದ್ರಾವಣದಲ್ಲಿ ತೊಳೆದಳು. ಅದು ಒಣಗುವ ತನಕ ಅವಳು ಬೇಡಿಕೊಂಡದ್ದು ಒಂದೇ. ಕಪ್ಪಾಗಿರಲಿ ದೇವರೇ, ಕೆಟ್ಟೇ ಹೋಗಿರಲಿ. ಕಪ್ಪಿದ್ದರೆ, ಲೇಸರ್ ಹಾಕಿದಾಗ ಅವ್ವ ಇದ್ದಳು.

ನಾಗಪತಿ ಟಾರ್ಚ್ ಹಿಡಿದ.

“ಅಬ್ಬಬ್ಬಾ, ಎಂತಾ ಚಂದ ಬಂದಿದೆ ಮೇಡಂ! ಕರಡಿಗೆ ಅಷ್ಟೇ ಅಲ್ಲ, ಕೈಯೂ ಬಂದಿದೆ ನೋಡಿ!”

ಬಂದಿತ್ತು. ಐದೂ ಬೆರಳು, ಕುಡುಗೋಲು ತಾಗಿದ ಹಳೆಯ ಕಲೆ, ಅಂಗೈಯ ಒಂದೊಂದು ಗೆರೆ. ಅವಳು ಬಗ್ಗಿದರೆ ಹೆಬ್ಬೆರಳಿನ ಆಚೆ ಮಗ್ಗುಲೂ ಕಂಡಿತು. ಹಿಂದೆ ಸರಿದರೂ ಕೈ ಗಾಜಿನಾಚೆಯಿಂದ ಅವಳ ಕಡೆಗೇ ಚಾಚಿಕೊಂಡಿತ್ತು.

“ಯಾಕೆ ಮೇಡಂ, ಸರಿ ಬರಲಿಲ್ವಾ?”

“ನಾ ಶಹಬ್ಬಾಸ್ ಅಂದಾಗ,” ಎಂದಳು ದಾಕ್ಷಾಯಿಣಿ, “ಅವ್ವ ಇರಲೇ ಇಲ್ಲ, ನಾಗಪತಿ.”